ಫಾಗ್ ಲೈಟ್ ಎರಡೂ ಕೈಕೊಟ್ಟಿವೆ, ಶನಿವಾರ ಬೆಳಗಿನ ಜಾವ ನಂದಿಗೆ ಹೋಗಬೇಕು

ಹಳೇಕಾರು_ಹೊಸಕೈ

ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡೆ, 2016ರ ಮಾಡೆಲ್. ಮನೆ ಯಲಹಂಕ, ಆಫೀಸು ಮಾರತಹಳ್ಳಿ ಕಡೆ. ಅಕ್ಟೋಬರ್‌ನಲ್ಲಿ ಒಂದು ದಿನ ಜೋರು ಮಳೆ ಬಂತಲ್ಲ, ಆವತ್ತು ಪಣತ್ತೂರು ರೈಲ್ವೆ ಅಂಡರ್‌ಪಾಸ್‌ನಲ್ಲಿ ಬಂಪರ್ ಮುಳುಗುವಷ್ಟು ನೀರಿತ್ತು. ಮುಂದಿದ್ದ ಬಸ್ಸು ದಾಟಿತು ಅಂತ ನಾನೂ ಅದರ ಹಿಂದೆಯೇ ನುಗ್ಗಿಸಿದೆ. ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

ಇಂಜಿನ್‌ಗೆ ಏನೂ ಆಗಲಿಲ್ಲ. ಆದರೆ ಒಂದು ವಾರ ಬಿಟ್ಟು ಎಡಗಡೆ ಫಾಗ್ ಲೈಟ್ ಮಂಕಾಯಿತು, ವೋಲ್ಟೇಜ್ ಇಲ್ಲದ ರಾತ್ರಿ ಮನೆ ಬಲ್ಬು ಉರಿಯುತ್ತದಲ್ಲ, ಹಾಗೆ ಕೆಂಪಗೆ. ಮೊನ್ನೆಯಿಂದ ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಸ್ವಿಚ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಹಸಿರು ಚಿಹ್ನೆ ಮಾತ್ರ ಬರುತ್ತದೆ. ಹೆಡ್‌ಲೈಟ್, ಇಂಡಿಕೇಟರ್ ಎಲ್ಲಾ ಸರಿ ಇದೆ. ಒಂದು ಸರ್ವೀಸ್ ಸೆಂಟರ್‌ಗೆ ತೋರಿಸಿದೆ. ಬಾನೆಟ್ ಕೂಡ ಎತ್ತದೆ "ಇಡೀ ವೈರಿಂಗ್ ಹೋಗಿದೆ ಮೇಡಂ, ಲ್ಯಾಂಪ್ ಸೆಟ್ಟೂ ಬದಲಾಯಿಸಬೇಕು" ಅಂತ 9 ಸಾವಿರದ ಎಸ್ಟಿಮೇಟ್ ಕೈಗೆ ಕೊಟ್ಟರು. ಪಕ್ಕದ ಮನೆಯವರು ಎಲ್‌ಇಡಿ ಹಾಕಿಸಿ ಅನ್ನುತ್ತಾರೆ. ಅಪ್ಪ "ಮೂವತ್ತು ವರ್ಷ ನಾನು ಫಾಗ್ ಲೈಟ್ ಇಲ್ಲದೆ ಓಡಿಸಿಲ್ವಾ" ಅನ್ನುತ್ತಾರೆ.

ನನ್ನ ಹತ್ತಿರ ಒಂದು ಮಲ್ಟಿಮೀಟರ್ ಇದೆ, ಬಳಸಲು ಅಲ್ಪಸ್ವಲ್ಪ ಬರುತ್ತದೆ. ಮನೆಯಲ್ಲೇ ಏನು ನೋಡಬಹುದು? ಹಳದಿ ಬಲ್ಬು ಒಳ್ಳೆಯದಾ, ಬಿಳಿಯದಾ? ಇನ್ನೊಂದು ವಿಷಯ, ಚೆನ್ನಾಗಿ ಕಾಣುತ್ತದೆ ಅಂತ ಸಿಟಿಯಲ್ಲಿ ದಿನಾ ರಾತ್ರಿ ಫಾಗ್ ಲೈಟ್ ಹಾಕಿಕೊಂಡೇ ಓಡಿಸುತ್ತಿದ್ದೆ. ಅದಕ್ಕೇ ಸುಟ್ಟುಹೋಯಿತಾ? ಶನಿವಾರ ಬೆಳಗ್ಗೆ ನಾಲ್ಕೂವರೆಗೆ ನಂದಿ ಬೆಟ್ಟಕ್ಕೆ ಹೊರಡಬೇಕು, ಅಪ್ಪ ಅಮ್ಮನೂ ಜೊತೆಗಿರುತ್ತಾರೆ.

ಫ್ಯೂಸ್‌ಬಾಕ್ಸ್

9 ಸಾವಿರವನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಬಲ್ಬು ಸುಟ್ಟರೆ ಒಂದೇ ಏಟಿಗೆ ಆರುತ್ತದೆ, ಮಂಕಾಗಿ ಕೆಂಪಗೆ ಉರಿಯುವುದಿಲ್ಲ. ಮಂಕಾಯಿತು ಅಂದರೆ ಕರೆಂಟು ಬರುವ ದಾರಿಯಲ್ಲೋ ವಾಪಸ್ ಹೋಗುವ ದಾರಿಯಲ್ಲೋ ಏನೋ ಅಡ್ಡ ಇದೆ. ನೀರಿಗೆ ಇಳಿಸಿದ ಗಾಡಿಯಲ್ಲಿ ಅದು ಹತ್ತಕ್ಕೆ ಎಂಟು ಸಲ ಕಿಲುಬು. ಕಾರಿನಲ್ಲಿ ಎಲ್ಲಕ್ಕಿಂತ ಕೆಳಗೆ ಕೂತಿರುವ ದೀಪ ಅದು, ನೀರು, ಕೆಸರು, ಹಂಪ್ ಏಟು ಎಲ್ಲಾ ಮೊದಲು ಅದಕ್ಕೇ.

ಆ ಹಸಿರು ಚಿಹ್ನೆಯನ್ನು ನಂಬಬೇಡಿ. ಸುಮಾರು ಕಾರುಗಳಲ್ಲಿ ಅದು "ನೀನು ಸ್ವಿಚ್ ಹಾಕಿದೀಯ" ಅಂತ ಹೇಳುತ್ತದೆ ಅಷ್ಟೇ. ಮುಂದೆ ಬಲ್ಬು ಉರಿಯುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿರುವುದಿಲ್ಲ.

ಫ್ಯೂಸಿನಿಂದ ಶುರು ಮಾಡಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗಡೆ ಯಾವುದು ಯಾವುದಕ್ಕೆ ಅಂತ ಚಿತ್ರ ಇರುತ್ತದೆ. ನಿಮ್ಮ ಕಾರಿನಲ್ಲಿ ಎಚ್11 ಬಲ್ಬು ಇದ್ದರೆ ಒಂದೊಂದು 55 ವ್ಯಾಟ್, ಎರಡೂ ಸೇರಿ 110, 12 ವೋಲ್ಟಿಗೆ ಲೆಕ್ಕ ಹಾಕಿದರೆ 9 ಆಂಪಿಯರ್ ಚಿಲ್ಲರೆ. ಹಾಗಾಗಿ 15ರ ನೀಲಿ ಫ್ಯೂಸ್ ಇರುವುದು ಸಾಮಾನ್ಯ. ಮುಚ್ಚಳದ ಮೇಲೆ ಎಷ್ಟು ಬರೆದಿದೆಯೋ ಅಷ್ಟರದೇ ಇದೆಯಾ ನೋಡಿ, ಇದು ಮುಖ್ಯ, ಯಾಕೆಂದರೆ ಹಳೇ ಓನರ್‌ಗಳು ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದೊಡ್ಡದು ಚುಚ್ಚಿ ಕೈ ತೊಳೆದುಕೊಂಡಿರುತ್ತಾರೆ, ಆಮೇಲೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. ಫ್ಯೂಸ್ ಸರಿ ಇದ್ದರೆ ಒಬ್ಬರು ಒಳಗೆ ಕೂತು ಸ್ವಿಚ್ ಹಾಕಲಿ, ನೀವು ರಿಲೇ, ಅಂದರೆ ಸ್ವಿಚ್ ಹಾಕಿದಾಗ ದೀಪಕ್ಕೆ ಕರೆಂಟು ಬಿಡುವ ಪುಟ್ಟ ಡಬ್ಬಿ, ಅದರ ಮೇಲೆ ಬೆರಳಿಡಿ. ಟಿಕ್ ಅನ್ನಬೇಕು. ಅನ್ನದಿದ್ದರೆ ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನ್‌ದೋ ಯಾವುದೋ, ಕಿತ್ತು ಇಲ್ಲಿ ಹಾಕಿ ನೋಡಿ. ಅಂದಹಾಗೆ, ಪಾರ್ಕಿಂಗ್ ಲೈಟೋ ಹೆಡ್‌ಲೈಟೋ ಹಾಕಿರದಿದ್ದರೆ ತುಂಬಾ ಗಾಡಿಗಳಲ್ಲಿ ಫಾಗ್ ಲೈಟ್ ಹತ್ತುವುದೇ ಇಲ್ಲ. ಹಗಲಲ್ಲಿ ಟೆಸ್ಟ್ ಮಾಡುವವರು ಇದನ್ನೇ ಮರೆಯುತ್ತಾರೆ.

ಇಷ್ಟೂ ಸರಿ ಇದ್ದರೆ ದೀಪದ ಹತ್ತಿರ ಹೋಗಿ. ಬಂಪರ್ ಬಿಚ್ಚಬೇಕಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಮುಂದಿರುವ ಪ್ಲಾಸ್ಟಿಕ್ ಲೈನರ್‌ನ ಎರಡು ಮೂರು ಕ್ಲಿಪ್ ತೆಗೆದು ಮಡಚಿದರೆ ಕೈ ಹೋಗುತ್ತದೆ. ಕನೆಕ್ಟರ್ ಎಳೆದು ಒಳಗೆ ಟಾರ್ಚ್ ಬಿಡಿ. ಪಿನ್ನಿನ ಮೇಲೆ ಹಸಿರು ಹಸಿರಾಗಿ ಏನಾದರೂ ಕಂಡರೆ ಎಡಗಡೆ ಮಂಕಾಗಿದ್ದರ ಕಾರಣ ಸಿಕ್ಕಿತು ಅಂದುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಕನೆಕ್ಟರ್ ಬಿಚ್ಚಿ ಅದರ ಎರಡು ಪಿನ್ನಿಗೆ ಮೀಟರ್ ಇಟ್ಟರೆ 12 ವೋಲ್ಟ್ ತೋರಿಸಬಹುದು, ನೀವು "ಸಪ್ಲೈ ಇದೆ, ಬಲ್ಬೇ ಹೋಗಿದೆ" ಅಂತ ಹೊಸ ಬಲ್ಬು ತರುತ್ತೀರಿ, ಅದೂ ಉರಿಯುವುದಿಲ್ಲ. ಯಾಕೆಂದರೆ ಮೀಟರ್ ಕುಡಿಯುವುದು ಒಂದು ತೊಟ್ಟು ಕರೆಂಟು, ಅಷ್ಟು ತುಕ್ಕು ಹಿಡಿದ ಅರ್ತ್‌ನಲ್ಲೂ (ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಹರಿಯುತ್ತದೆ. ಬಲ್ಬು ಕೇಳುವ ನಾಲ್ಕೂವರೆ ಆಂಪಿಯರ್ ಹರಿಯುವುದಿಲ್ಲ. ಅದಕ್ಕೆ ಬಲ್ಬು ಹಾಕಿದಂತೆಯೇ ಇರಲಿ, ಸ್ವಿಚ್ ಆನ್ ಇರಲಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಕನೆಕ್ಟರಿನ ಹಿಂದಿನಿಂದ ಅರ್ತ್ ಪಿನ್ನಿಗೆ ತಾಗಿಸಿ. 0.2 ವೋಲ್ಟ್‌ಗಿಂತ ಕಮ್ಮಿ ಇರಬೇಕು. ಒಂದೋ ಎರಡೋ ಬಂದರೆ ಅರ್ತ್ ಕೆಟ್ಟಿದೆ, 12ರ ಹತ್ತಿರ ಬಂದರೆ ಅರ್ತ್ ಪೂರ್ತಿ ಕಿತ್ತುಹೋಗಿದೆ. ಮೀಟರ್ ಗೊಂದಲ ಅನಿಸಿದರೆ ಒಂದು ಉದ್ದ ವೈರ್ ತಗೊಂಡು ಬ್ಯಾಟರಿ ಮೈನಸ್‌ನಿಂದ ನೇರ ಅದೇ ಪಿನ್ನಿಗೆ ಮುಟ್ಟಿಸಿ, ದೀಪ ಝಗ್ಗನೆ ಹತ್ತಿದರೆ ಕಳ್ಳ ಸಿಕ್ಕ. ಆದರೆ ಆ ವೈರನ್ನು ಪ್ಲಸ್ ಕಡೆಗೆ ಮಾತ್ರ ತಾಗಿಸಬೇಡಿ.

ಎರಡೂ ಒಟ್ಟಿಗೆ ಸತ್ತಿರುವುದರಿಂದ ನನ್ನ ಅನುಮಾನ ಎರಡಕ್ಕೂ ಸೇರಿದ ಅರ್ತ್ ಬೋಲ್ಟ್ ಮೇಲೆ. ಹೆಡ್‌ಲೈಟಿನ ಹಿಂದೆ ಬಾಡಿಗೆ ಕಪ್ಪು ವೈರ್ ಸೇರಿಸಿ ಒಂದು ಬೋಲ್ಟ್ ಹಾಕಿರುತ್ತಾರೆ ನೋಡಿ, ಅದು. ಬಿಚ್ಚಿ, ಉಪ್ಪು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಬಲ್ಬು ಮುಟ್ಟುವುದಾದರೆ ಗಾಜಿಗೆ ಬೆರಳು ತಾಗಿಸಬೇಡಿ, ಕೈಯ ಜಿಡ್ಡು ಕೂತ ಜಾಗ ಜಾಸ್ತಿ ಕಾದು ಬೇಗ ಸುಡುತ್ತದೆ.

ಹೆಗ್ಗಣ_ಪೀಡಿತ

ಇಷ್ಟೆಲ್ಲಾ ಹುಡುಕುವ ಮೊದಲು ವೈರ್ ಇದೆಯಾ ನೋಡಿ ಸ್ವಾಮಿ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನನ್ನ ಕಾರಿನ ಫಾಗ್ ಲೈಟ್ ವೈರನ್ನು ಹೆಗ್ಗಣ ಎರಡು ಸಲ ತಿಂದು ಮುಗಿಸಿದೆ. ಮೂರನೇ ಸಲ ಮೆಶ್ ಪೈಪ್ ಒಳಗೆ ಹಾಕಿಸಿದೆ, ಈಗ ಅದನ್ನು ಬಿಟ್ಟು ವಾಷರ್ ಪೈಪ್ ಕಡಿಯುತ್ತಿದೆ.

ಬೆಳಕೋಬೆಳಕು

ಹಾಲೋಜನ್ ಕಾಲ ಮುಗೀತು ಗುರು. ಅದೇ ಹೋಲ್ಡರ್‌ಗೆ ಕೂರುವ ಎಲ್‌ಇಡಿ ಬಲ್ಬು ಸಿಗುತ್ತದೆ, ಜೆ.ಸಿ. ರೋಡ್‌ನಲ್ಲಿ ಹತ್ತು ನಿಮಿಷದಲ್ಲಿ ಹಾಕಿ ಕೊಡುತ್ತಾರೆ. ನಾನು ಹಾಕಿಸಿ ಒಂದು ವರ್ಷ ಆಯಿತು. ಹಗಲಿನ ತರಹ ಬೆಳಕು.

ಘಾಟಿ_ತಿರುವು

ನಿಮಗೆ ಹಗಲು, ಎದುರಿಗೆ ಬರುವವನಿಗೆ ಕುರುಡು. ಜಗಳಕ್ಕೆ ಹೇಳುತ್ತಿಲ್ಲ, ಕಾರಣ ಇದೆ. ಫಾಗ್ ಲ್ಯಾಂಪಿನ ಒಳಗಿರುವ ಕನ್ನಡಿ ಬಟ್ಟಲು ಹಾಲೋಜನ್‌ನ ಆ ಪುಟ್ಟ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿಗೆ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬದಲಾಗುತ್ತದೆ, ಅಗಲವಾಗಿ ಚಪ್ಪಟೆಯಾಗಿ ನೆಲಕ್ಕೆ ಬೀಳಬೇಕಾದದ್ದು ಮೇಲಕ್ಕೂ ಚೆಲ್ಲುತ್ತದೆ. ಮಂಜಿನಲ್ಲಿ ಮೇಲಕ್ಕೆ ಚೆಲ್ಲಿದ ಬೆಳಕು ವಾಪಸ್ ನಿಮ್ಮ ಕಣ್ಣಿಗೇ. ಕಂಪನಿಯೇ ಎಲ್‌ಇಡಿಗೆ ಅಂತ ಮಾಡಿದ ಪೂರ್ತಿ ಲ್ಯಾಂಪ್ ಆದರೆ ಅದರ ಮಾತೇ ಬೇರೆ, ಅದು ಚೆನ್ನಾಗಿಯೇ ಇರುತ್ತದೆ.

ಅನುಮಾನ ಇದ್ದರೆ ಇವತ್ತೇ ರಾತ್ರಿ ಒಂದು ಗೋಡೆಗೆ ಏಳೂವರೆ ಮೀಟರ್ ದೂರದಲ್ಲಿ ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ ಫಾಗ್ ಲೈಟ್ ಹಾಕಿ. ಗೋಡೆ ಮೇಲೆ ಬೆಳಕಿನ ಮೇಲಂಚು ಗೆರೆ ಎಳೆದಂತೆ ಕಾಣಬೇಕು, ಮತ್ತು ಆ ಗೆರೆ ದೀಪದ ನಡುಮಧ್ಯದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ನಿಮ್ಮದರಲ್ಲಿ ಗೆರೆ ಇದೆಯಾ, ಇಲ್ಲಾ ಬರೀ ಬಿಳಿ ಮೋಡವಾ ಅಂತ ಬಂದು ಹೇಳಿ. ಇನ್ನೊಂದು, 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಹಾಕಿ ಕೇಸು ಜಡಿದರಲ್ಲ, ನೆನಪಿದೆಯಾ?

ಹಳದಿ-ಬಿಳಿ ಪ್ರಶ್ನೆಗೆ. ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತದೆ ಅಂತ ಎಲ್ಲಾ ಅಂಗಡಿಯವರೂ ಹೇಳುತ್ತಾರೆ. ಆಕಾಶ ಯಾಕೆ ನೀಲಿ ಅನ್ನುವ ಪಾಠದಿಂದ ಬಂದ ತಪ್ಪು ಲೆಕ್ಕ ಅದು. ಗಾಳಿಯ ಕಣಗಳು ಬೆಳಕಿನ ಅಲೆಗಿಂತ ತುಂಬಾ ಚಿಕ್ಕವು, ಹಾಗಾಗಿ ಅವು ನೀಲಿಯನ್ನು ಜಾಸ್ತಿ ಚದುರಿಸುತ್ತವೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದಕ್ಕೆ ನೀಲಿ, ಹಳದಿ ಅನ್ನುವ ಭೇದಭಾವ ಇಲ್ಲ, ಎಲ್ಲವನ್ನೂ ಒಂದೇ ಸಮ ಚದುರಿಸುತ್ತದೆ. ಆದರೂ ನನ್ನ ಕಾರಿನಲ್ಲಿ ಹಳದಿಯೇ ಇದೆ. ನೀಲಿ ಬೆರೆತ ಬಿಳಿ ಬೆಳಕು ವಾಪಸ್ ಹೊಡೆದಾಗ ಕಣ್ಣು ಕಿರಿಕಿರಿ, ಹಳದಿಯಲ್ಲಿ ಅದು ಕಮ್ಮಿ. ಫ್ರಾನ್ಸ್‌ನಲ್ಲಿ 1993ರ ತನಕ ಕಾರುಗಳ ಹೆಡ್‌ಲೈಟೇ ಹಳದಿ ಇರುತ್ತಿತ್ತು. ನಿಮಗೆ ಯಾವುದು ಹಿತವೋ ಅದು, ಬಣ್ಣಕ್ಕಿಂತ ಬೆಳಕು ಎಷ್ಟು ಕೆಳಗೆ, ಎಷ್ಟು ಚಪ್ಪಟೆಯಾಗಿ ಬೀಳುತ್ತದೆ ಅನ್ನುವುದು ದೊಡ್ಡದು.

ಬೆಳಕೋಬೆಳಕು

ಗೋಡೆ ಟೆಸ್ಟ್ ಮಾಡಿದೆ. ಗೆರೆ ಇಲ್ಲ. ಎದುರುಮನೆ ಬಾಲ್ಕನಿ ತನಕ ಬೆಳಕು. ಸರಿ ಬಿಡಿ.

ಏರ್‌ಪೋರ್ಟ್_ರೋಡ್_ಕ್ಯಾಬ್

ಮೇಡಂ, ರಿಪೇರಿ ವಿಷಯ ಅವರು ಹೇಳಿದ್ದಾರೆ, ಓಡಿಸುವ ವಿಷಯ ನಾನು ಹೇಳುತ್ತೇನೆ. ಒಂಬತ್ತು ವರ್ಷದಿಂದ ರಾತ್ರಿ ಪಾಳಿ, ಹೆಬ್ಬಾಳ ದೇವನಹಳ್ಳಿ ಹೆಬ್ಬಾಳ ದೇವನಹಳ್ಳಿ, ಇದೇ ಜೀವನ. ನವೆಂಬರ್‌ನಿಂದ ಫೆಬ್ರವರಿ ತನಕ ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ದೇವನಹಳ್ಳಿ ಸುತ್ತ ಮಂಜು ಯಾವಾಗ ಬೇಕಾದರೂ ಬೀಳುತ್ತದೆ. ಹಿಂದಿನ ರಾತ್ರಿ ಆಕಾಶ ಶುಭ್ರ ಇದ್ದು ಗಾಳಿ ಆಡದೆ ಇದ್ದರೆ ಬೆಳಗ್ಗೆ ಮಂಜು ಅಂತ ನಾವು ಚಹಾ ಅಂಗಡಿಯಲ್ಲೇ ಹೇಳಿಬಿಡುತ್ತೇವೆ. ಕೆರೆ ಪಕ್ಕ ಇನ್ನೂ ದಟ್ಟ. ಸಾಫ್ ಇದ್ದ ರಸ್ತೆ ಒಂದೇ ಸಲ ಹತ್ತಿ ತುಂಬಿದ ಹಾಗೆ ಆಗುತ್ತದೆ.

ಜನ ಮಾಡುವ ಮೊದಲ ತಪ್ಪು ಹೈ ಬೀಮ್. ಕಾಣುತ್ತಿಲ್ಲ ಅಂತ ಹೈ ಬೀಮ್ ಹಾಕುತ್ತಾರೆ, ಮುಂದೆ ಬಿಳಿ ಗೋಡೆ ಕಟ್ಟಿದ ಹಾಗೆ ಆಗುತ್ತದೆ. ಡಿಪ್ ಹಾಕಿ, ಜೊತೆಗೆ ಫಾಗ್ ಲೈಟ್. ಅಷ್ಟು ಮಾಡಿದರೂ ದೂರ ಕಾಣುವುದಿಲ್ಲ ಮೇಡಂ, ಅದನ್ನು ತಿಳಿದುಕೊಳ್ಳಿ. ಫಾಗ್ ಲೈಟ್ ಕೊಡುವುದು ಕಾಲಬುಡದ ಜಾಗ, ರಸ್ತೆಯ ಅಂಚು, ಬಿಳಿ ಪಟ್ಟೆ. ಅಷ್ಟರಲ್ಲಿ ನಿಲ್ಲುವಷ್ಟು ನಿಧಾನ ಹೋಗಬೇಕು. 60ರಲ್ಲಿ ಹೋದರೆ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ದಾಟಿರುತ್ತೀರಿ, ಕಾಲು ಬ್ರೇಕಿಗೆ ಹೋಗುವ ಹೊತ್ತಿಗೆ ಕಾಣುತ್ತಿದ್ದ ರಸ್ತೆ ಮುಗಿದಿರುತ್ತದೆ. ಹಿಂದೆ ಕೂತ ಗಿರಾಕಿ "ಬೇಗ ಬೇಗ, ಫ್ಲೈಟ್ ಮಿಸ್ ಆಗುತ್ತೆ" ಅಂತ ಕೂಗುತ್ತಿರುತ್ತಾರೆ. ಅಂಥಾ ಮಂಜಿನಲ್ಲಿ ಫ್ಲೈಟೇ ಎದ್ದಿರುವುದಿಲ್ಲ, ಇವರು ಹೋಗಿ ಯಾವುದನ್ನು ಹತ್ತುತ್ತಾರೆ?

ಎಡಗಡೆ ಅಂಚಿನ ಪಟ್ಟೆ ಹಿಡಿದು ಹೋಗಿ, ಮಧ್ಯದ ಪಟ್ಟೆ ನೋಡಿಕೊಂಡು ಹೋದರೆ ಎದುರಿನವನೂ ಅದನ್ನೇ ನೋಡಿಕೊಂಡು ಬರುತ್ತಿರುತ್ತಾನೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ. ಹಿಂದಿನವನಿಗೆ ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ, ಎಡಕ್ಕೆ ತಿರುಗುತ್ತೀರೋ ಏನೂ ತಿಳಿಯುವುದಿಲ್ಲ. ನಿಲ್ಲಲೇಬೇಕಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಪೆಟ್ರೋಲ್ ಬಂಕ್ ಸಿಕ್ಕರೆ ಇನ್ನೂ ಒಳ್ಳೆಯದು. ಮತ್ತೆ, ಅರ್ಧ ಮಂಜು ಹೊರಗೆ ಇರುವುದೇ ಇಲ್ಲ, ಗಾಜಿನ ಒಳಗಿರುತ್ತದೆ. ನಾಲ್ಕು ಜನ ಕಿಟಕಿ ಮುಚ್ಚಿಕೊಂಡು ಉಸಿರಾಡಿದರೆ ಗಾಜು ಮಬ್ಬಾಗುತ್ತದೆ. ಎ.ಸಿ. ಹಾಕಿ, ಹೊರಗಿನ ಗಾಳಿ ಬರುವ ಹಾಗಿಟ್ಟು ಮುಂದಿನ ಗಾಜಿಗೆ ತಿರುಗಿಸಿ, ಚಳಿ ಅಂತ ನಿಮ್ಮ ತಾಯಿ ಬೈದರೂ ಸರಿ.

ನಂದಿ 1,478 ಮೀಟರ್ ಎತ್ತರ. ಮೇಲೆ ಸಿಗುವುದು ಸುಮಾರು ಸಲ ಮಂಜಲ್ಲ, ಮೋಡವೇ. ತಿರುವುಗಳಲ್ಲಿ ಇಳಿಯುವ ಬೈಕಿನವರು ಲೈಟ್ ಸಣ್ಣಗಿಟ್ಟುಕೊಂಡು ಸೆಲ್ಫಿ ಮೂಡಿನಲ್ಲಿ ಬರುತ್ತಾರೆ, ಪ್ರತಿ ತಿರುವಿಗೂ ಒಂದು ಹಾರ್ನ್ ಹಾಕಿ.

ಘಾಟಿ_ತಿರುವು

ಕ್ಯಾಬ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಚಾರ್ಮಾಡಿಯಲ್ಲಿ ಮಳೆಗಾಲದಲ್ಲಿ ಹಗಲು ಹನ್ನೆರಡಕ್ಕೂ ಇದೇ ಕತೆ. ಅಲ್ಲಿ ಫಾಗ್ ಲೈಟ್ ಹಾಕುವುದು ನಮಗೆ ಕಾಣಲಿ ಅಂತ ಅಲ್ಲ, ನಾವು ಕಾಣಲಿ ಅಂತ.

ಸಿಟಿಯಲ್ಲಿ ದಿನಾ ಹಾಕುವ ಬಗ್ಗೆ ಯಾರೂ ಹೇಳಲಿಲ್ಲ. ಅದರಿಂದ ನಿಮ್ಮ ಈ ಫಾಲ್ಟ್ ಬಂದಿಲ್ಲ. ಆದರೆ ಬೀದಿ ದೀಪ ಇರುವ ರಸ್ತೆಯಲ್ಲಿ ಅದರ ಕೆಲಸ ಏನು? ಮುಂದೆ ಹತ್ತು ಅಡಿ ಝಗಝಗ ಅಂದರೆ ಕಣ್ಣು ಅದಕ್ಕೇ ಒಗ್ಗಿ ದೂರದ ಕತ್ತಲು ಇನ್ನೂ ಕತ್ತಲಾಗುತ್ತದೆ. ಮಳೆಯಲ್ಲಂತೂ ಒದ್ದೆ ಟಾರಿನ ಮೇಲೆ ಬಿದ್ದ ಬೆಳಕು ಜಾರಿ ನೇರ ಎದುರಿನವನ ಕಣ್ಣಿಗೆ. ಬ್ರಿಟನ್‌ನಲ್ಲಿ 100 ಮೀಟರ್‌ಗಿಂತ ಕಮ್ಮಿ ಕಂಡರೆ ಮಾತ್ರ ಫಾಗ್ ಲೈಟ್ ಹಾಕು, ಮಂಜು ಹೋದ ತಕ್ಷಣ ಆರಿಸು ಅಂತ ನಿಯಮ ಇದೆ. ನಾನು ಇಲ್ಲಿ ಅದನ್ನೇ ಬೀದಿ ಕಂಬದ ಲೆಕ್ಕಕ್ಕೆ ಇಳಿಸಿಕೊಂಡಿದ್ದೇನೆ, ಮುಂದಿನ ಮೂರು ನಾಲ್ಕು ಕಂಬ ಕಂಡರೆ ಹಾಕುವುದಿಲ್ಲ.

ಹಿಂದಿನ ಫಾಗ್ ಲೈಟಿಗೆ ಇನ್ನೂ ಕಟ್ಟುನಿಟ್ಟು ಬೇಕು. ಸುಮಾರು ಕಾರುಗಳಲ್ಲಿ ಒಂದೇ ಕಡೆ ಇರುತ್ತದೆ, ಬ್ರೇಕ್ ಲೈಟಿನಷ್ಟೇ ಜೋರು. ಡ್ಯಾಶ್‌ಬೋರ್ಡಿನಲ್ಲಿ ಮುಂದಿನದರ ಚಿಹ್ನೆ ಹಸಿರು, ಹಿಂದಿನದು ಕಿತ್ತಳೆ ಹಳದಿ. ಅದು ಉರಿಯುತ್ತಿರುವುದೇ ಗೊತ್ತಿಲ್ಲದೆ ಹೆಬ್ಬಾಳ ಫ್ಲೈಓವರ್ ಜಾಮ್‌ನಲ್ಲಿ ಅರ್ಧ ಗಂಟೆ ನನ್ನ ಮುಂದೆ ನಿಂತ ಮಹಾನುಭಾವರು ಎಷ್ಟು ಜನವೋ. ಆ ಕೆಂಪಿನ ಮಧ್ಯೆ ಅವರು ಬ್ರೇಕ್ ಒತ್ತಿದ್ದೇ ಕಾಣುವುದಿಲ್ಲ.

ಸುಮ್ನೆ_ಓದೋನು

ನನ್ನದೊಂದು ಸಣ್ಣ ಪ್ರಶ್ನೆ. ರಾತ್ರಿ ಎಡಕ್ಕೆ ತಿರುಗಿಸಿದರೆ ಎಡಗಡೆ ಫಾಗ್ ಲೈಟ್ ಮಾತ್ರ ತಾನೇ ಹತ್ತಿ ಆರುತ್ತದೆ. ಶಾರ್ಟ್ ಆಗಿದೆಯಾ?

ಫ್ಯೂಸ್‌ಬಾಕ್ಸ್

ಇಲ್ಲ, ಅದು ಕಾರ್ನರಿಂಗ್ ಲೈಟ್. ತಿರುಗುವ ಮೂಲೆ ಕಾಣಲಿ ಅಂತ ಕಂಪನಿಯವರೇ ಹಾಗೆ ಕೊಟ್ಟಿರುತ್ತಾರೆ. ದುಡ್ಡು ಕೊಟ್ಟು ರಿಪೇರಿ ಮಾಡಿಸಬೇಡಿ.

ಹಳೇಕಾರು_ಹೊಸಕೈ

ಗುರುವಾರ ಸಂಜೆ ಕೂತು ನೋಡಿದೆ. ಫ್ಯೂಸ್ ಹೋಗಿರಲಿಲ್ಲ, ಆದರೆ ಮುಚ್ಚಳದಲ್ಲಿ 15 ಅಂತ ಬರೆದಿರುವ ಕಡೆ ಹಳದಿ 20 ಚುಚ್ಚಿದ್ದರು. ಹಳೇ ಓನರ್‌ಗೆ ದೊಡ್ಡ ನಮಸ್ಕಾರ. ರಿಲೇ ಟಿಕ್ ಅಂತು. ಎಡಗಡೆ ಕನೆಕ್ಟರ್ ಎಳೆದರೆ ಒಳಗೆ ಪಾಚಿ ಕಟ್ಟಿದ ಹಾಗೆ ಹಸಿರು. ಬಲ್ಬು ಹಾಕಿದಂತೆ ಮೀಟರ್ ಇಟ್ಟೆ, 11.8 ಬಂತು, ಒಂದು ಕ್ಷಣ ಖುಷಿಯಾಗಿ ಆಮೇಲೆ ನೆನಪಾಯಿತು, ಇಲ್ಲಿ ಜಾಸ್ತಿ ಬಂದರೆ ಕೆಟ್ಟದ್ದು ಅಂತ. ಬ್ಯಾಟರಿಯಿಂದ ವೈರ್ ಎಳೆದು ಮುಟ್ಟಿಸಿದೆ, ಬಲಗಡೆಯದು ಝಗ್ಗನೆ ಹತ್ತಿತು, ಎಡಗಡೆಯದು ಮಂಕಾಗಿ. ಅಂದರೆ ಎರಡು ಕಾಯಿಲೆ, ಒಂದು ಕಿಲುಬು, ಒಂದು ಅರ್ತ್. ಬೋಲ್ಟ್ ಬಿಚ್ಚಲು ಹೋದರೆ ವೈರಿನ ತುದಿಯ ರಿಂಗೇ ತುಕ್ಕು ಹಿಡಿದು ಕೈಗೆ ಬಂತು. ಹೊಸ ರಿಂಗ್, ಎಡಗಡೆಗೆ ಹೊಸ ಕನೆಕ್ಟರ್, 15ರ ಫ್ಯೂಸ್, ಉಪ್ಪು ಕಾಗದ, ಎಲ್ಲಾ ಸೇರಿ 230 ರೂಪಾಯಿ. ರಿಂಗ್ ಒತ್ತಿ ಕೊಟ್ಟ ಗ್ಯಾರೇಜಿನವರು ದುಡ್ಡೇ ತಗೊಳ್ಳಲಿಲ್ಲ.

ಶನಿವಾರ ದೇವನಹಳ್ಳಿ ತನಕ ಒಂದು ಎಳೆ ಮಂಜಿಲ್ಲ. ಹಾಕಲಿಲ್ಲ. ನಂದಿ ಕೊನೆಯ ತಿರುವುಗಳಲ್ಲಿ ಮೋಡದೊಳಗೆ ಹೊಕ್ಕ ಹಾಗಾಯಿತು, ಆಗ ಹಾಕಿದೆ. ಕ್ಯಾಬ್ ಅಣ್ಣ ಹೇಳಿದಂತೆ ದೂರ ಏನೂ ಕಾಣಲಿಲ್ಲ, ಎಡಗಡೆ ಕಲ್ಲಿನ ಅಂಚು ಮಾತ್ರ ಸ್ಪಷ್ಟ. ಅಷ್ಟು ಸಾಕಾಯಿತು. ಮೂವತ್ತು ವರ್ಷದ ಅನುಭವದ ಅಪ್ಪ ಪಕ್ಕದಲ್ಲಿ ಕೂತು "ಇನ್ನೂ ನಿಧಾನ, ಇನ್ನೂ ನಿಧಾನ" ಅನ್ನುತ್ತಲೇ ಇದ್ದರು, ವಾಪಸ್ ಬಂದು ತಮ್ಮ ಹಳೇ ಗಾಡಿಗೆ ಫಾಗ್ ಲೈಟ್ ಹಾಕಿಸಲು ಎಷ್ಟಾಗುತ್ತದೆ ಅಂತ ಕೇಳುತ್ತಿದ್ದಾರೆ.

ಒಂದು ಉಳಿದಿದೆ. ಎಡಗಡೆ ಗಾಜಿನ ಒಳಗೆ ಸಣ್ಣಗೆ ಹಬೆ ಕಟ್ಟಿದೆ. ತೆಗೆಯಬೇಕಾ?

ಫ್ಯೂಸ್‌ಬಾಕ್ಸ್

ಇಪ್ಪತ್ತು ನಿಮಿಷ ದೀಪ ಉರಿಸಿ ನೋಡಿ. ಹಬೆ ತಾನೇ ಹೋದರೆ ಬಿಟ್ಟುಬಿಡಿ, ಹಿಂದೆ ಗಾಳಿಯಾಡುವ ತೂತಿರುತ್ತದೆ, ಅದನ್ನು ಮುಚ್ಚಬೇಡಿ. ಹನಿ ಹನಿಯಾಗಿ ಕೆಳಗೆ ನಿಂತಿದ್ದರೆ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದೆಯಾ ಹುಡುಕಿ. ಕಾದ ದೀಪವನ್ನು ತಣ್ಣೀರಿಗೆ ಇಳಿಸಿದಾಗ ಹಾಗಾಗುತ್ತದೆ. ಅಂಡರ್‌ಪಾಸ್ ದಾಟಿದಾಗ ಫಾಗ್ ಲೈಟ್ ಆನ್ ಇತ್ತಾ?

ಹಳೇಕಾರು_ಹೊಸಕೈ

ಇತ್ತು. :(